ಬಸುರಿಗೆ ಜ್ವರ, ಕೆಮ್ಮು, ಏದುಸಿರು: ಮನೆಯಲ್ಲೇ ನೋಡಿಕೊಳ್ಳುವುದೇ, ಊರ ಆಸ್ಪತ್ರೆಯೇ, ತಲಪಾಡಿ ದಾಟುವುದೇ?

ಆಟಿಯ ಜಡಿಮಳೆಗೆ ಮನೆಮನೆಯಲ್ಲೂ ಕೆಮ್ಮು ಇರುತ್ತದೆ. ಮಕ್ಕಳಿಗೆ ಬಂದದ್ದು ಮೂರು ದಿನದಲ್ಲಿ ವಾಸಿಯಾಗುತ್ತದೆ, ಅಜ್ಜಿಗೆ ಬಂದದ್ದು ವಾರ ಎಳೆಯುತ್ತದೆ. ಅದೇ ಸೋಂಕು ಏಳು ತಿಂಗಳ ಬಸುರಿಗೆ ತಗಲಿದರೆ ಮಾತ್ರ ಲೆಕ್ಕವೇ ಬೇರೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರ ಮುಂದೆ ಆಗ ನಾಲ್ಕು ದಾರಿಗಳಿರುತ್ತವೆ: ಮನೆಯಲ್ಲೇ ಇರಿಸಿಕೊಳ್ಳುವುದು, ಹತ್ತಿರದ ಆರೋಗ್ಯ ಕೇಂದ್ರ, ಕಾಸರಗೋಡಿನ ಜನರಲ್ ಆಸ್ಪತ್ರೆ ಅಥವಾ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಇಲ್ಲವಾದರೆ ಐಸಿಯು ಇರುವ ದೊಡ್ಡ ಆಸ್ಪತ್ರೆ. ದೊಡ್ಡ ಆಸ್ಪತ್ರೆ ಎಂದರೆ ಉತ್ತರಕ್ಕೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ದಾಟಿ ಮಂಗಳೂರು, ದಕ್ಷಿಣಕ್ಕೆ ಕಣ್ಣೂರು ಜಿಲ್ಲೆಯ ಪರಿಯಾರಂ.

ಹೆಚ್ಚಿನವರು ದೂರ ನೋಡಿ ಅಥವಾ ಗುರ್ತದ ಡಾಕ್ಟರನ್ನು ನೋಡಿ ಆರಿಸುತ್ತಾರೆ. ಆರಿಸಬೇಕಾದದ್ದು ಹಾಗಲ್ಲ. ಈಗಿನ ಸ್ಥಿತಿ ಒಂದು ಮೆಟ್ಟಿಲು ಕೆಟ್ಟರೆ ಅದನ್ನು ಯಾರು ನಿಭಾಯಿಸಬಲ್ಲರೋ ಆ ಜಾಗಕ್ಕೆ ಈಗಲೇ ಹೋಗಬೇಕು. ಕೆಟ್ಟ ಮೇಲೆ ಹೊರಟರೆ ಅತ್ಯಂತ ಅಪಾಯದ ಆ ಒಂದು ಗಂಟೆ ಆಂಬ್ಯುಲೆನ್ಸಿನೊಳಗೇ ಕಳೆದುಹೋಗುತ್ತದೆ.

ಬಸುರಿಯ ಶ್ವಾಸಕೋಶಕ್ಕೆ ಉಳಿತಾಯವಿಲ್ಲ

ಗರ್ಭ ಬೆಳೆದಂತೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪೊರೆ) ಸುಮಾರು 4 ಸೆಂ.ಮೀ. ಮೇಲಕ್ಕೆ ಸರಿಯುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ತಿಂಗಳು ತುಂಬುವ ಹೊತ್ತಿಗೆ ಸುಮಾರು ಶೇ. 20ರಷ್ಟು ಕಡಿಮೆಯಾಗಿರುತ್ತದೆ, ಮೈಗೆ ಬೇಕಾದ ಆಕ್ಸಿಜನ್ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಏರಿರುತ್ತದೆ. ಗಂಟಿನಲ್ಲಿ ಉಳಿತಾಯ ಇಲ್ಲ, ದಿನದ ಖರ್ಚು ಮಾತ್ರ ಜಾಸ್ತಿ. ನ್ಯುಮೋನಿಯ ಶ್ವಾಸಕೋಶದ ಒಂದು ಭಾಗವನ್ನು ಕಸಿದುಕೊಂಡರೆ ಬೇರೆಯವರು ಎರಡು ದಿನ ತಡೆದುಕೊಳ್ಳಬಹುದು. ಬಸುರಿಯಲ್ಲಿ ಆಕ್ಸಿಜನ್ ಬಹಳ ಬೇಗ ಇಳಿಯುತ್ತದೆ.

ಬಸುರಿಯ ಅಂಕೆಗಳನ್ನು ಬೇರೆಯವರ ಅಳತೆಗೋಲಿನಿಂದ ಓದಬಾರದು ಎನ್ನುವುದು ಇದಕ್ಕೇ. ಬೇರೆ ರೋಗಿಗಳಲ್ಲಿ ಬೆರಳಿನ ಆಕ್ಸಿಮೀಟರ್ ತೋರಿಸುವ ಆಕ್ಸಿಜನ್ ಶೇ. 92–93 ಇದ್ದರೆ 'ನೋಡೋಣ' ಎನ್ನುವವರಿದ್ದಾರೆ. ಬಸುರಿಯಲ್ಲಿ 95ಕ್ಕಿಂತ ಕೆಳಗೆ ಇಳಿಯಲು ಬಿಡಬಾರದು, ಮಗುವಿಗೆ ತಲುಪುವ ಆಕ್ಸಿಜನ್ ತಾಯಿಯ ರಕ್ತದಿಂದಲೇ ಬರಬೇಕು. ರಕ್ತದ ಗ್ಯಾಸ್ ಪರೀಕ್ಷೆಯಲ್ಲೂ ಇದೇ ಎಚ್ಚರ ಬೇಕು. ಬಸುರಿಯ ಕಾರ್ಬನ್ ಡೈಆಕ್ಸೈಡ್ ಸಹಜವಾಗಿ 28–32ರ ಆಸುಪಾಸಿನಲ್ಲಿರುತ್ತದೆ. ಏದುಸಿರು ಬಿಡುತ್ತಿರುವವಳಲ್ಲಿ ಅದು 40 ಎಂದು ಬಂದರೆ ಪುಸ್ತಕದ ಪ್ರಕಾರ 'ನಾರ್ಮಲ್', ಅವಳ ಮಟ್ಟಿಗೆ ಮಾತ್ರ ಉಸಿರಾಟದ ಸ್ನಾಯುಗಳು ಸೋಲುತ್ತಿರುವ ಸೂಚನೆ.

ಬಸಿರಿನಲ್ಲಿ ಸ್ವಲ್ಪ ದಮ್ಮು ಕಟ್ಟುವುದು ಸಹಜವಲ್ಲವೇ ಎಂದರೆ, ಹೌದು. ಆದರೆ ಆ ಸಹಜ ದಮ್ಮು ವಾರಗಟ್ಟಲೆ ನಿಧಾನವಾಗಿ ಬಂದಿರುತ್ತದೆ, ಮೆಟ್ಟಿಲು ಹತ್ತುವಾಗ ತಿಳಿಯುತ್ತದೆ, ಕುಳಿತರೆ ಇಳಿಯುತ್ತದೆ, ಅದರ ಜೊತೆ ಜ್ವರವಾಗಲಿ ಕೆಮ್ಮಾಗಲಿ ಇರುವುದಿಲ್ಲ. ಉಸಿರಿನ ಆಳ ಹೆಚ್ಚಾಗಿರುತ್ತದೆ, ಸಂಖ್ಯೆ ಅಲ್ಲ. ಎರಡು ಮೂರು ದಿನದಲ್ಲಿ ಬಂದ ದಮ್ಮು, ಮಲಗಿದರೆ ಜಾಸ್ತಿಯಾಗುವ ದಮ್ಮು, ಮಾತಿನ ನಡುವೆ ನಿಲ್ಲಿಸುವ ದಮ್ಮು ಬಸಿರಿನದಲ್ಲ.

ಮನೆಯಲ್ಲೇ ಇರಬಹುದಾದರೆ ಯಾವಾಗ?

ವಿಶ್ರಾಂತಿಯಲ್ಲಿ ಆಕ್ಸಿಜನ್ 95 ಅಥವಾ ಮೇಲೆ, ಕೋಣೆಯೊಳಗೆ ನಲವತ್ತು ಹೆಜ್ಜೆ ನಡೆದ ಮೇಲೂ 95ಕ್ಕಿಂತ ಕೆಳಗೆ ಇಳಿಯದಿರುವುದು, ಉಸಿರು ನಿಮಿಷಕ್ಕೆ 20ರೊಳಗೆ, ನಾಡಿ 110ರೊಳಗೆ, ಗಂಜಿ ನೀರು ಹೊಟ್ಟೆಯಲ್ಲಿ ನಿಲ್ಲುವುದು, ಮಗುವಿನ ಚಲನೆ ಎಂದಿನಂತೆ ಇರುವುದು. ಇಷ್ಟೂ ಇದ್ದರೆ, ಡಾಕ್ಟರಿಗೆ ಒಮ್ಮೆ ತೋರಿಸಿ ಮನೆಯಲ್ಲಿ ನೋಡಿಕೊಳ್ಳಬಹುದು. ಆಸ್ತಮಾ, ಸಕ್ಕರೆ, ಹೃದಯದ ತೊಂದರೆ, ಏರಿದ ಬಿಪಿ, ತೀವ್ರ ರಕ್ತಹೀನತೆ ಇದ್ದವರಿಗೆ ಈ ದಾರಿ ಸಲ್ಲದು. ಅಂಕೆ ಚೆನ್ನಾಗಿದ್ದರೂ ಅವರು ಆಸ್ಪತ್ರೆಯಲ್ಲಿರುವುದೇ ಮೇಲು.

ಉಸಿರು ಎಣಿಸುವುದನ್ನು ಎಲ್ಲರೂ ತಪ್ಪಾಗಿ ಮಾಡುತ್ತಾರೆ. 'ಎಣಿಸುತ್ತೇನೆ' ಎಂದು ಹೇಳಿದ ಕೂಡಲೇ ಅವಳ ಉಸಿರು ಬದಲಾಗುತ್ತದೆ. ನಾಡಿ ಹಿಡಿದ ಹಾಗೆ ಕೈ ಹಿಡಿದು, ಕಣ್ಣು ಎದೆಯ ಮೇಲಿಟ್ಟು, ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಒಂದು ಉಸಿರು ತಪ್ಪಿದರೆ ನಾಲ್ಕು ತಪ್ಪುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲೂ ಮೋಸವಿದೆ: ಮಳೆಗಾಲದ ತಣ್ಣನೆ ಬೆರಳು, ನೈಲ್ ಪಾಲಿಶ್, ಸೀಮಂತಕ್ಕೆ ಹಚ್ಚಿದ ಕಪ್ಪು ಮದರಂಗಿ ಅಂಕೆಯನ್ನು ಕೆಡಿಸಬಹುದು. ಕೈ ಉಜ್ಜಿ ಬಿಸಿ ಮಾಡಿ, ಬಣ್ಣವಿಲ್ಲದ ಬೆರಳಿಗೆ ಹಾಕಿ, ಕೂತ ಭಂಗಿಯಲ್ಲಿ ಒಂದು ನಿಮಿಷ ಬಿಟ್ಟು ಸ್ಥಿರವಾದ ಅಂಕೆ ಬರೆದುಕೊಳ್ಳಿ. ಚರ್ಮ ಕಪ್ಪಿದ್ದವರಲ್ಲಿ ಯಂತ್ರ ನಿಜಕ್ಕಿಂತ ತುಸು ಹೆಚ್ಚು ತೋರಿಸುವುದುಂಟು. ಹಾಗಾಗಿ 95 ಎಂದು ಬಂದರೆ ಸಮಾಧಾನಪಡುವ ಬದಲು ಉಸಿರಿನ ಸಂಖ್ಯೆಯನ್ನು ಎರಡು ಸಲ ನೋಡಿ. ಎರಡರಲ್ಲಿ ಒಂದನ್ನೇ ನಂಬಬೇಕಾದರೆ ನಾವು ಉಸಿರಿನ ಸಂಖ್ಯೆಯನ್ನು ನಂಬುತ್ತೇವೆ. ಆಕ್ಸಿಜನ್ ಬೀಳುವ ಮೊದಲು ಅದು ಏರುತ್ತದೆ.

ಉಸಿರು 21–24 ಇದ್ದರೆ ಅದೇ ದಿನ ಡಾಕ್ಟರು ನೋಡಬೇಕು. 25 ಮುಟ್ಟಿದರೆ, ಅಥವಾ ಆಕ್ಸಿಜನ್ 94ಕ್ಕೆ ಇಳಿದರೆ, ರಾತ್ರಿ ಎಷ್ಟು ಹೊತ್ತಾದರೂ ಹೊರಡಬೇಕು. ವಾಕ್ಯ ಪೂರ್ತಿ ಹೇಳಲಾಗದಿರುವುದು, ತುಟಿ ನೀಲಿಗಟ್ಟುವುದು, ಕಫದಲ್ಲಿ ರಕ್ತ, ಎದೆನೋವು, ಮಂಪರು, ಮಗು ಅಲುಗಾಡದಿರುವುದು ಕಂಡರೆ ಅಂಕೆ ಎಣಿಸುತ್ತಾ ಕೂರಬೇಡಿ, 108 ಕರೆಯಿರಿ.

ನುಂಗಬಹುದಾದದ್ದು, ನುಂಗಬಾರದ್ದು

ಜ್ವರಕ್ಕೆ ಪ್ಯಾರಾಸಿಟಮಾಲ್ 500 ಅಥವಾ 650 ಮಿ.ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಬಸುರಿ ಎಂದು ಜ್ವರವನ್ನು ಹಾಗೇ ಸಹಿಸುವುದು ಒಳ್ಳೆಯದಲ್ಲ, ಏರಿದ ಜ್ವರವೇ ಮಗುವಿಗೆ ಹಾನಿ. ಐಬುಪ್ರೊಫೇನ್, ಡೈಕ್ಲೋಫೆನಾಕ್, ನಿಮೆಸುಲೈಡ್ ಬೇಡ. ಐದು ತಿಂಗಳು ದಾಟಿದ ಮೇಲೆ ಈ ಗುಂಪಿನ ಮಾತ್ರೆಗಳು ಮಗುವಿನ ಮೂತ್ರಪಿಂಡವನ್ನು ಕುಗ್ಗಿಸಿ ಗರ್ಭನೀರು ಇಳಿಸಬಲ್ಲವು, ಕೊನೆಯ ಮೂರು ತಿಂಗಳಲ್ಲಿ ಮಗುವಿನ ಹೃದಯದ ಹತ್ತಿರದ ಒಂದು ರಕ್ತನಾಳವನ್ನು ಅಕಾಲದಲ್ಲಿ ಮುಚ್ಚಿಸಬಲ್ಲವು. ಅಂಗಡಿಯಲ್ಲಿ ಕೊಡುವ 'ಶೀತದ ಮಾತ್ರೆ'ಯಲ್ಲಿ ಇವು ಬೆರೆತಿರುವುದುಂಟು, ಪೊಟ್ಟಣದ ಹಿಂದಿನ ಬರಹ ಓದಿ.

ಶುಂಠಿ, ಕಾಳುಮೆಣಸು, ತುಳಸಿಯ ಕಷಾಯ ಅಡುಗೆಯ ಪ್ರಮಾಣದಲ್ಲಿ ತೊಂದರೆಯಿಲ್ಲ. ಆಡುಸೋಗೆಯ ಕಷಾಯ ಮಾತ್ರ ಬೇಡವೇ ಬೇಡ. ಕಫಕ್ಕೆ ಅದು ನಮ್ಮ ಕಡೆಯ ಹಳೆಯ ಮದ್ದು, ಹಿತ್ತಲ ಬೇಲಿಯಲ್ಲೇ ಸಿಗುತ್ತದೆ. ಆದರೆ ಅದರಲ್ಲಿರುವ ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸಬಲ್ಲದು. ಸೊಪ್ಪು ಹಿಂಡಿ ಕೊಡುವ ಅತ್ತೆಗೆ ಗದರುವುದಲ್ಲ, ಕಾರಣ ಹೇಳಿ. ಜ್ಯೇಷ್ಠಮಧುವನ್ನೂ ದಿನಗಟ್ಟಲೆ ಜಗಿಯಬಾರದು, ಬಿಪಿ ಏರುತ್ತದೆ.

ಮಳೆಗಾಲದಲ್ಲಿ ಇಲಿಜ್ವರ ತಡೆಯಲೆಂದು ಆಶಾ ಕಾರ್ಯಕರ್ತೆಯರು ಮನೆಗೆ ಡಾಕ್ಸಿಸೈಕ್ಲಿನ್ ತಂದುಕೊಡುತ್ತಾರೆ. ತೋಟಕ್ಕೆ ಇಳಿಯುವವರಿಗೆ ಅದು ಒಳ್ಳೆಯದೇ. ಬಸುರಿ ಅದೇ ಪೊಟ್ಟಣದಿಂದ ತೆಗೆದುಕೊಳ್ಳಬಾರದು, ತಾನು ಬಸುರಿ ಎಂದು ಹೇಳಿ ಬೇರೆ ಮದ್ದು ಕೇಳಬೇಕು. ಆಸ್ತಮಾ ಇದ್ದವರು ಇನ್‌ಹೇಲರ್ ನಿಲ್ಲಿಸುವ ತಪ್ಪು ಮಾಡುತ್ತಾರೆ. ಬುಡೆಸೊನೈಡ್, ಸಾಲ್ಬುಟಮಾಲ್ ಎರಡನ್ನೂ ಬಸಿರಿನಲ್ಲಿ ಬಳಸಬಹುದು. ಇನ್‌ಹೇಲರಿಗಿಂತ ಹಿಡಿತ ತಪ್ಪಿದ ಆಸ್ತಮಾವೇ ಮಗುವಿಗೆ ಅಪಾಯ. ಬಚ್ಚಲ ಒಲೆಯ ಹೊಗೆಯಿಂದಲೂ ಈ ದಿನಗಳಲ್ಲಿ ಅವಳನ್ನು ದೂರವಿಡಿ.

ಯಾವ ಆಸ್ಪತ್ರೆ?

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಸಾಮುದಾಯಿಕ ಕೇಂದ್ರಗಳಲ್ಲಿ ಬಿಪಿ, ಆಕ್ಸಿಜನ್, ಮೂತ್ರ ನೋಡಿಸಿ, ಮೊದಲ ಡೋಸ್ ಮದ್ದು ಪಡೆದು, ರೆಫರ್ ಚೀಟಿ ಬರೆಸಿಕೊಳ್ಳಲು ಹೋಗಬೇಕು. ಆಕ್ಸಿಜನ್ ಬೇಕಾಗುವ ಬಸುರಿಯನ್ನು ಅಲ್ಲಿ 'ಒಂದು ರಾತ್ರಿ ನೋಡೋಣ' ಎಂದು ಇರಿಸಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ.

ಮೂಗಿನ ನಳಿಗೆಯಲ್ಲಿ ನಿಮಿಷಕ್ಕೆ 2–4 ಲೀಟರ್ ಕೊಟ್ಟರೆ 95 ನಿಲ್ಲುತ್ತದೆ, ಪ್ರಜ್ಞೆ ಸರಿ ಇದೆ, ಬಿಪಿ ಸರಿ ಇದೆ ಎಂದಾದರೆ ಪ್ರಸೂತಿ ತಜ್ಞರೂ ಫಿಸಿಷಿಯನ್ನೂ ಇಬ್ಬರೂ ಇರುವ ಆಸ್ಪತ್ರೆ ಸಾಕು. 5 ಲೀಟರಿಗೂ ನಿಲ್ಲದಿದ್ದರೆ, ಉಸಿರು 30 ದಾಟಿದರೆ, ಮೇಲಿನ ಬಿಪಿ 90ಕ್ಕಿಂತ ಕೆಳಗಿಳಿದರೆ ಬೇಕಾದದ್ದು ವೆಂಟಿಲೇಟರ್ ಇರುವ ಐಸಿಯು, ನವಜಾತ ಶಿಶುವಿನ ಐಸಿಯು, ರಕ್ತನಿಧಿ ಮೂರೂ ಒಂದೇ ಆವರಣದಲ್ಲಿರುವ ಜಾಗ. ತಾಯಿಯ ಐಸಿಯು ಒಂದು ಕಡೆ, ಹೆರಿಗೆ ವಿಭಾಗ ಇನ್ನೊಂದು ಕಡೆ ಇದ್ದರೆ ಮಧ್ಯರಾತ್ರಿ ಎರಡರ ನಡುವೆ ಓಡಾಟವಾಗುತ್ತದೆ.

ದಿಕ್ಕಿನ ಪ್ರಶ್ನೆ ಊರಿನ ಮೇಲೆ. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ತಲಪಾಡಿ ದಾಟಿದರೆ ಸಿಗುವ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು ಮಂಗಳೂರು ಪೇಟೆಗಿಂತಲೂ ಹತ್ತಿರ. ಸರ್ಕಾರಿ ಹೆರಿಗೆ ಆಸ್ಪತ್ರೆಯೇ ಬೇಕೆಂದರೆ ಮಂಗಳೂರು ಹಂಪನಕಟ್ಟೆಯ ಲೇಡಿ ಗೋಷನ್. ಮುಳ್ಳೇರಿಯ, ಅಡೂರು, ದೇಲಂಪಾಡಿಯವರು ಜಾಲ್ಸೂರು ದಾರಿಯಾಗಿ ಸುಳ್ಯದ ಮೆಡಿಕಲ್ ಕಾಲೇಜನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಕಾಞಂಗಾಡ್, ನೀಲೇಶ್ವರದವರಿಗೆ ಪರಿಯಾರಂ ಸರ್ಕಾರಿ ಮೆಡಿಕಲ್ ಕಾಲೇಜೇ ಸರಿಯಾದ ದಿಕ್ಕು. ಹೆಸರು ನೋಡಿ ಹೊರಡಬೇಡಿ, ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ: ವೆಂಟಿಲೇಟರ್ ಇರುವ ಹಾಸಿಗೆ ಈಗ ಖಾಲಿ ಇದೆಯೇ? ರಾತ್ರಿ ಪ್ರಸೂತಿ ತಜ್ಞರು ಒಳಗೇ ಇರುತ್ತಾರೆಯೇ? ಅರಿವಳಿಕೆ ತಜ್ಞರು? ಇಷ್ಟು ವಾರದ ಮಗು ಹುಟ್ಟಿದರೆ ನೋಡಿಕೊಳ್ಳುತ್ತೀರಾ? ನಾಲ್ಕಕ್ಕೂ ಹೌದು ಎನ್ನುವ ಆಸ್ಪತ್ರೆ ಇಪ್ಪತ್ತು ಕಿ.ಮೀ. ದೂರವಾದರೂ ಅದೇ ಹತ್ತಿರದ್ದು.

ಗಡಿಯ ವಿಷಯವನ್ನು ಸದರದಿಂದ ನೋಡುವ ಹಾಗಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಚಿಕಿತ್ಸೆ ಸಿಗದೆ ಪಟ್ಟ ಪಾಡು ಇಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಐದನೇ ತಿಂಗಳಲ್ಲೇ ಎರಡೂ ದಿಕ್ಕಿನ ಒಂದೊಂದು ಆಸ್ಪತ್ರೆಯ ನಂಬರು ತಾಯಿ ಕಾರ್ಡಿನ ಹಿಂದೆ ಬರೆದಿಡಿ. 108ಕ್ಕೆ ಕರೆದಾಗ ರಾಜ್ಯ ಮತ್ತು ಪಂಚಾಯತಿನ ಹೆಸರನ್ನು ಮೊದಲು ಹೇಳಿ, ಗಾಡಿ ಗಡಿ ದಾಟುತ್ತದೆಯೇ ಎಂದು ಆಗಲೇ ಕೇಳಿ. ವಿಮೆ ಕಾರ್ಡ್ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬುದನ್ನು ಮನೆಯ ಒಬ್ಬರು ಕೌಂಟರಿನಲ್ಲಿ ವಿಚಾರಿಸಲಿ, ಅದಕ್ಕಾಗಿ ಗಾಡಿ ನಿಲ್ಲಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯ ಮದ್ದು, ಪರೀಕ್ಷೆ, ಸಾಗಾಟ ಉಚಿತವಾಗಿರಬೇಕೆಂಬ ಕೇಂದ್ರದ ಕಾರ್ಯಕ್ರಮ 2011ರಿಂದ ಇದೆ.

ಭಾಷೆಯಿಂದಲೂ ಹೊತ್ತು ಹಾಳಾಗುತ್ತದೆ. ನಾವು 'ಸುಸ್ತು' ಎಂದರೆ ಮಲಯಾಳಂ ನರ್ಸಿಗೆ ಬರೀ ನಿಶ್ಶಕ್ತಿ ಎಂದು ಕೇಳಿಸಬಹುದು. 'ಶ್ವಾಸಂಮುಟ್ಟಲ್' ಎನ್ನಿ, ಅದಕ್ಕಿಂತ ಒಳ್ಳೆಯದು ಅಂಕೆ ಹೇಳುವುದು: ಉಸಿರು 28, ಆಕ್ಸಿಜನ್ 93, ಏಳು ತಿಂಗಳು. ಅಂಕೆಗೆ ಅನುವಾದ ಬೇಡ.

ದಾರಿಯ ಆಕ್ಸಿಜನ್ ಲೆಕ್ಕ

ಆಂಬ್ಯುಲೆನ್ಸಿನ ಬಿ-ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಹೋದರೆ 150 ನಿಮಿಷ, 15 ಲೀಟರ್ ಹೋದರೆ 100 ನಿಮಿಷ. ಅರ್ಧ ಖಾಲಿಯಿದ್ದರೆ 50. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ಆದರೆ ತಲಪಾಡಿ ಟೋಲ್, ತೊಕ್ಕೊಟ್ಟು, ಪಂಪ್‌ವೆಲ್‌ನ ದಟ್ಟಣೆ ಕಿ.ಮೀ. ಲೆಕ್ಕಕ್ಕೆ ಸಿಗುವುದಿಲ್ಲ. ಪ್ರಯಾಣಕ್ಕೆ ಬೇಕಾದದ್ದರ ಎರಡು ಪಟ್ಟು ಇಟ್ಟುಕೊಂಡೇ ಹೊರಡಬೇಕು. ಗೇಜ್ ಮುಳ್ಳು ಎಲ್ಲಿದೆ ಎಂದು ಹೊರಡುವ ಮುನ್ನ ನೀವೇ ನೋಡಿ. ಐದು ತಿಂಗಳು ದಾಟಿದವಳನ್ನು ಅಂಗಾತ ಮಲಗಿಸಬಾರದು, ಗರ್ಭ ದೊಡ್ಡ ರಕ್ತನಾಳವನ್ನು ಒತ್ತಿ ಬಿಪಿ ಬೀಳುತ್ತದೆ. ತಲೆ ಎತ್ತರಿಸಿ, ಎಡಕ್ಕೆ ವಾಲಿಸಿ.

ಎಕ್ಸ್-ರೇ ಬೇಡ ಎನ್ನುವವರಿಗೆ, ರಿಪೋರ್ಟಿಗೆ ಕಾಯುವವರಿಗೆ

ಎದೆಯ ಒಂದು ಎಕ್ಸ್-ರೇಯಿಂದ ಮಗುವಿಗೆ ತಲುಪುವ ವಿಕಿರಣ 0.01 ಮಿಲಿಗ್ರೇಗಿಂತ ಹೆಚ್ಚಿಲ್ಲ. ಎದೆಯ ಸಿಟಿ ಸ್ಕ್ಯಾನ್ ಮಾಡಿದರೂ ಒಂದು ಮಿಲಿಗ್ರೇ ಮುಟ್ಟುವುದಿಲ್ಲ. ಹಾನಿಯ ಮಾತು ಬರುವುದು 50 ದಾಟಿದ ಮೇಲೆ. ಎಕ್ಸ್-ರೇ ತೆಗೆಸದೆ ನ್ಯುಮೋನಿಯ ತಪ್ಪಿಹೋಗುವುದೇ ದೊಡ್ಡ ಅಪಾಯ. ಹೊಟ್ಟೆಗೆ ಸೀಸದ ಹೊದಿಕೆ ಇಲ್ಲವೆಂದು ಪರೀಕ್ಷೆ ಮುಂದೂಡಬೇಡಿ.

ಇನ್‌ಫ್ಲುಯೆಂಜಾ ಶಂಕೆ ಇದ್ದರೆ ಒಸೆಲ್ಟಾಮಿವಿರ್ 75 ಮಿ.ಗ್ರಾಂ ದಿನಕ್ಕೆ ಎರಡು ಬಾರಿ, ಐದು ದಿನ. ಮೊದಲ 48 ಗಂಟೆಯಲ್ಲಿ ಶುರುವಾದರೆ ಗುಣ ಹೆಚ್ಚು, ತೀವ್ರ ಕಾಯಿಲೆಯಲ್ಲಿ ತಡವಾದರೂ ಕೊಡಬೇಕು. ಎಚ್1ಎನ್1 (ಹಂದಿಜ್ವರ) ಇನ್ಫ್ಲುಯೆಂಜಾಕ್ಕೆ ಕೇಂದ್ರ ಆರೋಗ್ಯ ಸಚಿವಾಲಯ ಮಾಡಿದ ಎ, ಬಿ, ಸಿ ವಿಂಗಡಣೆಯಲ್ಲಿ ಜ್ವರ, ಗಂಟಲುನೋವು ಇರುವ ಬಸುರಿ ಪರೀಕ್ಷೆಯಿಲ್ಲದೆಯೇ ಈ ಮದ್ದಿಗೆ ಅರ್ಹಳು. 'ಸ್ವಾಬ್ ರಿಪೋರ್ಟ್ ಬರಲಿ' ಎಂದು ಎರಡು ದಿನ ಕಾಯಿಸಿದರೆ ಮದ್ದಿನ ಒಳ್ಳೆಯ ಹೊತ್ತು ಕಳೆದಿರುತ್ತದೆ, ಇದನ್ನು ಡಾಕ್ಟರಲ್ಲಿ ಧೈರ್ಯವಾಗಿ ಕೇಳಿ. ಬ್ಯಾಕ್ಟೀರಿಯದ ನ್ಯುಮೋನಿಯಕ್ಕೆ ಸೆಫ್ಟ್ರಿಯಾಕ್ಸೋನ್ ಮತ್ತು ಅಜಿತ್ರೊಮೈಸಿನ್ ಜೋಡಿ ಬಸಿರಿನಲ್ಲಿ ಚೆನ್ನಾಗಿ ಪರಿಚಿತವಾದದ್ದು. ಲಿವೊಫ್ಲಾಕ್ಸಸಿನ್ ಗುಂಪನ್ನು ಬೇರೆ ದಾರಿಯಿದ್ದಾಗ ದೂರವಿಡುತ್ತಾರೆ. ಕೆಮ್ಮು ಎರಡು ವಾರ ದಾಟಿದ್ದರೆ ಕಫವನ್ನು ಕ್ಷಯಕ್ಕೆ ಪರೀಕ್ಷಿಸಲೇಬೇಕು. ಕ್ಷಯದ ಮೊದಲ ಸಾಲಿನ ಮಾತ್ರೆಗಳನ್ನು ಬಸಿರಿನಲ್ಲೂ ಕೊಡುತ್ತಾರೆ, ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಮಾತ್ರ ಕೊಡುವುದಿಲ್ಲ.

ಎಲ್ಲ ಏದುಸಿರೂ ಸೋಂಕಿನದಲ್ಲ. ಬಿಪಿ ಏರಿ ಶ್ವಾಸಕೋಶಕ್ಕೆ ನೀರು ತುಂಬುವುದು, ಹೃದಯದ ಕವಾಟದ ಹಳೆಯ ತೊಂದರೆ, ಕಾಲಿನಿಂದ ಬಂದ ರಕ್ತದ ಹೆಪ್ಪು ಇದೇ ವೇಷದಲ್ಲಿ ಬರುತ್ತವೆ. ಬಿಪಿ ಮತ್ತು ಮೂತ್ರದ ಪ್ರೋಟೀನ್ ನೋಡದೆ 'ಕಫ' ಎಂದರೆ ಒಪ್ಪಬೇಡಿ. ಗ್ಲೂಕೋಸ್ ಬಾಟಲಿ ಏರಿಸಿದರೆ ಶಕ್ತಿ ಬರುತ್ತದೆಂದು ಒತ್ತಾಯಿಸಲೂ ಬೇಡಿ: ಬಸುರಿಯ ರಕ್ತ ತೆಳುವಾಗಿರುತ್ತದೆ, ಹೆಚ್ಚಿನ ದ್ರವ ಸೀದಾ ಶ್ವಾಸಕೋಶಕ್ಕೆ ಜಿನುಗುತ್ತದೆ.

ನಳಿಗೆ, ಮಾಸ್ಕ್, ಯಂತ್ರ

ಮೂಗಿನ ನಳಿಗೆ 1–5 ಲೀಟರ್‌ವರೆಗೆ. ಸಾದಾ ಮಾಸ್ಕ್ 5–10 ಲೀಟರ್. 5ಕ್ಕಿಂತ ಕಡಿಮೆ ಇಟ್ಟರೆ ಅವಳು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾಳೆ. ಚೀಲವಿರುವ ಮಾಸ್ಕಿಗೆ 10–15 ಲೀಟರ್ ಬೇಕೇ ಬೇಕು, ಉಸಿರೆಳೆದಾಗ ಚೀಲ ಪೂರ್ತಿ ಚಪ್ಪಟೆಯಾದರೆ ಹರಿವು ಸಾಲದು ಎಂದರ್ಥ. ಪಕ್ಕದಲ್ಲಿ ಕೂತವರು ಗಮನಿಸಬಹುದಾದದ್ದು ಇದು, ಕಂಡರೆ ಹೇಳಿ. ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ, ಮನೆಗೆ ಬಾಡಿಗೆಗೆ ಸಿಗುವ 5 ಲೀಟರಿನ ಕಾನ್ಸಂಟ್ರೇಟರಿನಿಂದ ಈ ಮಾಸ್ಕ್ ನಡೆಯದು. ಆಕ್ಸಿಜನ್ ಬೇಕಾದ ಬಸುರಿಯ ಜಾಗ ಮನೆಯಲ್ಲ.

ಆಮೇಲಿನದು ನಿಮಿಷಕ್ಕೆ 60 ಲೀಟರ್‌ವರೆಗೆ ಬೆಚ್ಚಗಿನ ಆಕ್ಸಿಜನ್ ಹರಿಸುವ ಹೈ-ಫ್ಲೋ ಯಂತ್ರ. ಬಿಗಿ ಮಾಸ್ಕಿನ ಯಂತ್ರಕ್ಕಿಂತ ಬಸುರಿಗೆ ಇದು ಸಹ್ಯ, ಊಟ ಮಾತು ನಡೆಯುತ್ತದೆ. ಬಿಗಿ ಮಾಸ್ಕಿನಲ್ಲಿ ಹೊಟ್ಟೆಗೆ ಗಾಳಿ ಹೋಗಿ ವಾಂತಿ ಶ್ವಾಸಕೋಶ ಸೇರುವ ಭಯವಿದೆ. ಎರಡರಲ್ಲೂ ಒಂದೆರಡು ಗಂಟೆಯಲ್ಲಿ ಸುಧಾರಣೆ ಕಾಣದಿದ್ದರೆ ಗಂಟಲಿಗೆ ಕೊಳವೆ ಹಾಕುವುದನ್ನು ಮುಂದೂಡುವುದು ತಪ್ಪು. ಬಸುರಿಯ ಗಂಟಲು ಊದಿರುತ್ತದೆ, ಕೊಳವೆ ಹಾಕುವುದು ಕಷ್ಟ, ಆಕ್ಸಿಜನ್ ಬೇಗ ಬೀಳುತ್ತದೆ. ಅನುಭವಿ ಅರಿವಳಿಕೆ ತಜ್ಞರಿರುವಾಗ, ಹಗಲಲ್ಲಿ, ತಯಾರಿಯಿಂದ ಮಾಡಿದ್ದಕ್ಕೂ ಉಸಿರು ನಿಂತ ಮೇಲೆ ಗಡಿಬಿಡಿಯಿಂದ ಮಾಡಿದ್ದಕ್ಕೂ ಬಹಳ ಅಂತರವಿದೆ. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದಾಗ ಊರಿನಿಂದ ಮಾವ ಬರಲಿ ಎಂದು ಕಾಯಬೇಡಿ.

ಮಗುವನ್ನು ತೆಗೆದರೆ ತಾಯಿ ಉಳಿಯುತ್ತಾಳೆಯೇ?

ಇದು ಐಸಿಯು ಬಾಗಿಲಲ್ಲಿ ಎಲ್ಲ ಮನೆಯವರೂ ಕೇಳುವ ಪ್ರಶ್ನೆ. ಹೆರಿಗೆಯಾದ ಕೂಡಲೇ ಶ್ವಾಸಕೋಶ ಸುಧಾರಿಸುತ್ತದೆಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಕೆಲವರಲ್ಲಿ ಆಕ್ಸಿಜನ್ ತುಸು ಏರುತ್ತದೆ, ಕೆಲವರಲ್ಲಿ ಶಸ್ತ್ರಚಿಕಿತ್ಸೆಯ ಹೊಡೆತದಿಂದ ಇನ್ನೂ ಬೀಳುತ್ತದೆ. ವಾರಗಳ ಲೆಕ್ಕವೇ ಮುಖ್ಯ. 24 ವಾರದೊಳಗೆ ತಾಯಿಯನ್ನು ಗುಣಪಡಿಸುವುದೇ ಮಗುವಿನ ಚಿಕಿತ್ಸೆ. 24–34ರ ನಡುವೆ ಸಾಧ್ಯವಾದಷ್ಟು ಬಸಿರು ಮುಂದುವರಿಸಿ, ಹೆರಿಗೆ ಹತ್ತಿರವೆನಿಸಿದರೆ ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಕೊಡುತ್ತಾರೆ: ಬೀಟಾಮೆಥಾಸೋನ್ 12 ಮಿ.ಗ್ರಾಂ 24 ಗಂಟೆ ಅಂತರದಲ್ಲಿ ಎರಡು, ಅಥವಾ ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ 12 ಗಂಟೆಗೊಂದರಂತೆ ನಾಲ್ಕು. 34 ದಾಟಿದ ಮೇಲೆ ತಾಯಿ ಕುಸಿಯುತ್ತಿದ್ದರೆ ಹೆರಿಗೆಯ ಕಡೆಗೆ ತಕ್ಕಡಿ ವಾಲುತ್ತದೆ. 37 ತುಂಬಿದವಳಲ್ಲಿ ಕಾಯುವುದಕ್ಕೆ ಕಾರಣ ಕಡಿಮೆ.

ಸೋಂಕು ಇದೆ ಎಂಬುದಷ್ಟೇ ಸಿಸೇರಿಯನ್‌ಗೆ ಕಾರಣವಲ್ಲ. ಸಹಜ ಹೆರಿಗೆಯಾಗುವುದಿದ್ದರೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅರಿವಳಿಕೆಯು ನೋವಿನ ಜೊತೆ ಆಕ್ಸಿಜನ್ ಖರ್ಚನ್ನೂ ಇಳಿಸುತ್ತದೆ. ಆಸ್ತಮಾ ಇದ್ದವಳ ಚೀಟಿಯಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ಬರೆಸಿ, ರಕ್ತಸ್ರಾವ ನಿಲ್ಲಿಸಲು ಕೊಡುವ ಕಾರ್ಬೊಪ್ರೋಸ್ಟ್ ಅವಳ ಶ್ವಾಸನಾಳವನ್ನು ಬಿಗಿಯಬಲ್ಲದು.

ಹುಟ್ಟಿದ ಮೇಲೆ ಎದೆಹಾಲು ನಿಲ್ಲಿಸಬೇಕಿಲ್ಲ. ಇನ್‌ಫ್ಲುಯೆಂಜಾ, ಕೋವಿಡ್ ಎರಡರಲ್ಲೂ ಮಾಸ್ಕ್ ಹಾಕಿ, ಕೈ ತೊಳೆದು ಹಾಲೂಡಿಸಬಹುದು. ತಾಯಿ ಐಸಿಯುನಲ್ಲಿದ್ದರೆ ಹಾಲು ಹಿಂಡಿ ತಂದು ಆರೋಗ್ಯವಾಗಿರುವ ಇನ್ನೊಬ್ಬರು ಕುಡಿಸಲಿ. ಒಸೆಲ್ಟಾಮಿವಿರ್ ನುಂಗುತ್ತಿದ್ದರೂ ಸರಿ.

ಇನ್ನೂ ಸೋಂಕು ತಗಲದ ಬಸುರಿ ಮನೆಯಲ್ಲಿದ್ದರೆ ಫ್ಲೂ ಲಸಿಕೆಯನ್ನು ಮಳೆ ಹಿಡಿಯುವ ಮೊದಲೇ, ಎಂದರೆ ಏಪ್ರಿಲ್–ಮೇಯಲ್ಲಿ ಹಾಕಿಸಿ. ಚುಚ್ಚುವ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಮೂಗಿಗೆ ಸಿಂಪಡಿಸುವುದು ಬಸುರಿಗೆ ಬೇಡ. ಪರಿಣಾಮ ಬರಲು ಎರಡು ವಾರ ಬೇಕು, ರಕ್ಷಣೆ ಹುಟ್ಟುವ ಮಗುವಿಗೂ ಮೊದಲ ಕೆಲವು ತಿಂಗಳು ದಾಟಿ ಬರುತ್ತದೆ. ನಾಯಿಕೆಮ್ಮು ತಡೆಯುವ ಟಿಡ್ಯಾಪ್ ಲಸಿಕೆ 27–36 ವಾರದ ನಡುವೆ. ಆರೋಗ್ಯ ಕೇಂದ್ರದಲ್ಲಿ ಕೊಡುವ ಟಿಡಿ ಚುಚ್ಚುಮದ್ದಿನಲ್ಲಿ ನಾಯಿಕೆಮ್ಮಿನ ಅಂಶ ಇಲ್ಲದ್ದರಿಂದ ಟಿಡ್ಯಾಪನ್ನು ಬೇರೆಯಾಗಿ ಕೇಳಿ ಹಾಕಿಸಿಕೊಳ್ಳಬೇಕು.